ಕೊಳೆನೀರಿನಲ್ಲಿ ಹೋದ ಸಿಹಿಸುದ್ದಿ

ಪದ್ಮಲತಾ ಟೀಚರ್ ಮೈಯೊಳಗಿದ್ದ ಎಡ ಮೂತ್ರಪಿಂಡ ಮಹಾ ಶಿಸ್ತಿನ ಆಸಾಮಿ. ಹಬ್ಬಕ್ಕೆ ಮನೆ ತೊಳೆಯುವವರಂತೆ ರಕ್ತದಲ್ಲಿದ್ದ ಸಾಮಾನನ್ನೆಲ್ಲ ಮೊದಲು ಹೊರಗೆ ಹಾಕುವುದು, ಆಮೇಲೆ ಬೇಕಾದದ್ದನ್ನು ಆರಿಸಿ ಒಳಗೆ ತಂದುಕೊಳ್ಳುವುದು ಅದರ ಪದ್ಧತಿ. "ನನ್ನ ಹಿತ್ತಿಲ ಬಾಗಿಲಿನಿಂದ ಒಳ್ಳೆಯದೊಂದು ಆಚೆ ಹೋದದ್ದುಂಟೇ?" ಎಂದು ಬೀಗುತ್ತಿತ್ತು.

ಒಂದು ಬೆಳಿಗ್ಗೆ ಅದು ಉಪ್ಪು, ಸಕ್ಕರೆಗಳನ್ನು ಒಳಗೆ ಕರೆದುಕೊಳ್ಳುತ್ತಿದ್ದಾಗ ಕೊಳೆನೀರಿನ ನಡುವೆ ಹೊಸ ಮುಖವೊಂದು ಕಂಡಿತು.

"ಯಾರಮ್ಮ ನೀನು?"

"ಬಸಿರಿನ ಹಾರ್ಮೋನು. ಗರ್ಭದಿಂದ ಬಂದೆ."

"ಅಯ್ಯೋ, ಅಂಥಾ ದೊಡ್ಡ ಮನೆಯವಳು ಈ ಗಲೀಜಿನಲ್ಲೇ? ಒಳಗೆ ಬಾ ತಾಯಿ. ನಿನ್ನನ್ನು ಎಸೆದರೆ ನನ್ನ ಮಾನವೇನಾದೀತು?"

"ಒಳಗಿನವರಿಗೆ ಸುದ್ದಿ ಮುಟ್ಟಿಸಲು ನನ್ನ ಅಕ್ಕತಂಗಿಯರಿದ್ದಾರೆ ಅಣ್ಣ. ಮನೆಯೊಡತಿಗೇ ಇನ್ನೂ ತಿಳಿದಿಲ್ಲ. ಆರು ವರ್ಷ ಕಾದವಳು, ಬಸಿರು ನೋಡುವ ಕಿಟ್ ಹಿಡಿದು ನಿಂತಿದ್ದಾಳೆ. ಅವಳ ಬಳಿ ಹೋಗಲು ನಿನ್ನ ಹಿತ್ತಿಲ ಬಾಗಿಲು ಬಿಟ್ಟರೆ ನನಗೆ ಬೇರೆ ದಾರಿಯಿಲ್ಲ."

ಮೂತ್ರಪಿಂಡ ಅವಳನ್ನು ಒಳಗೆ ಕರೆಯುವುದನ್ನು ನಿಲ್ಲಿಸಿತು. ಆಮೇಲೆ ಹುಟ್ಟಿದಂದಿನಿಂದ ಮೊದಲ ಸಲ ತಿಳಿದೂ ತಿಳಿದೂ ಒಳ್ಳೆಯದೊಂದನ್ನು ಆಚೆ ಬಿಟ್ಟಿತು. ಸ್ವಲ್ಪ ಹೊತ್ತಿಗೆ ಬಚ್ಚಲಮನೆಯಿಂದ ಕೂಗು ಕೇಳಿತು: "ರೀ, ಬೇಗ ಬನ್ನಿ! ಎರಡು ಗೆರೆ ಬಂದಿದೆ!"

ಅಂದಿನಿಂದ ಬಸಿರಿನ ದೆಸೆಯಿಂದ ಮೂತ್ರಪಿಂಡದ ಕೆಲಸ ಒಂದೂವರೆ ಪಟ್ಟಾಯಿತು. ಅದು ಗೊಣಗಲಿಲ್ಲ, ಬೀಗಲೂ ಇಲ್ಲ. ಕೊಳೆನೀರು ಹೊರಡುವಾಗಲೆಲ್ಲ ಬಾಗಿಲ ಬಳಿ ನಿಂತು, "ಸುದ್ದಿ ಒಯ್ಯುವವರು ಯಾರಾದರೂ ಇದ್ದರೆ ಮೊದಲು ಹೊರಡಿ" ಎಂದು ದಾರಿ ಬಿಡುತ್ತಿತ್ತು.