ರಾಜಪಾದದ ದ್ರಾಕ್ಷಾರಸ

"ಮಾವಯ್ಯ, ಇದೂ ಒಂದು ದ್ರಾಕ್ಷಾರಸವೇ? ನಮ್ಮ ಬೆಟ್ಟದಲ್ಲಿ ಬೆಳೆದು, ನಾನೇ ತುಳಿದು ಮಾಡಿದ್ದನ್ನು ಒಂದು ಬಟ್ಟಲು ಕುಡಿದು ನೋಡಿ. ಆಮೇಲೆ ನಿಮ್ಮದನ್ನು ಕುದುರೆಗೂ ಕುಡಿಸಲಾರಿರಿ."

ಬಯಲುನಾಡಿನ ಮಾವನ ಮನೆಯಲ್ಲಿ ಮೂಗಿನಮಟ್ಟ ಕುಡಿದು ಹೀಗೆ ಕೊಚ್ಚಿಕೊಂಡವನು ಕುಳಿರುಬೆಟ್ಟದ ರಾಜ ಉದ್ದಂಡರಾಯ. ಕುಳಿರುಬೆಟ್ಟವೆಂದರೆ ಬೇಸಗೆಯಲ್ಲೂ ಜನ ಕಂಬಳಿ ಬಿಡದ ಸೀಮೆ. ಅಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದದ್ದು ಒಂದೇ ಕಡೆ, ಬಿಸಿಲು ಬೀಳುವ ಇಳಿಜಾರಿನಲ್ಲಿದ್ದ ಈರವ್ವ ಎಂಬ ಮುದುಕಿಯ ತೋಟದಲ್ಲಿ.

ರಾಜ ಅದುವರೆಗೆ ಒಂದು ಹಣ್ಣನ್ನೂ ತುಳಿದವನಲ್ಲ. ಆದರೂ "ನಾನೇ ತುಳಿದು" ಎಂದದ್ದಕ್ಕೆ ಕಾರಣವಿತ್ತು. ದಿನಾ ಬೆಳಿಗ್ಗೆ ರಾಜನ ಪಾದ ತೊಳೆದ ನೀರನ್ನು ಆಸ್ಥಾನದವರೆಲ್ಲ ತೀರ್ಥವೆಂದು ಕುಡಿದು "ಅಮೃತ, ಅಮೃತ" ಎನ್ನುವುದು ಆ ಅರಮನೆಯ ಪದ್ಧತಿ. ವರ್ಷಗಟ್ಟಲೆ ಇದನ್ನು ಕೇಳಿ ಕೇಳಿ ರಾಜನಿಗೂ ತನ್ನ ಕಾಲಲ್ಲಿ ಏನೋ ಇದೆ ಎನಿಸಿಬಿಟ್ಟಿತ್ತು. ಇದ್ದದ್ದು ಕೊಳೆ ಎಂದು ಹೇಳುವ ಎದೆ ಯಾರಿಗಿದೆ? ಆಸ್ಥಾನದ ಚತುರ ಕೇತಣ್ಣ ಮಾತ್ರ ದಿನಾ ತೀರ್ಥದ ಹೊತ್ತು ಮೀರಿದ ಮೇಲೆಯೇ ಬರುತ್ತಿದ್ದ.

ಬೆಟ್ಟಕ್ಕೆ ಮರಳಿದ ರಾಜ ಪರಿವಾರ ಸಮೇತ ನೇರವಾಗಿ ತೋಟಕ್ಕೆ ನುಗ್ಗಿದ.

"ಈರವ್ವ, ಹಣ್ಣು ಕೊಯ್ಯಿ. ಸಂಕ್ರಾಂತಿಗೆ ಮಾವ ನನ್ನ ರಸ ಕುಡಿಯಲು ಬರುತ್ತಾನೆ."

"ಇನ್ನೂ ಮಾಗಿಲ್ಲ ನನ್ನೊಡೆಯ. ಬಯಲಲ್ಲಿ ಕೊಯ್ಲು ಮುಗಿದ ಮೇಲೂ ಈ ಚಳೀಲಿ ಒಂದು ತಿಂಗಳು ಬೇಕು. ಈಗ ಕೊಯ್ದರೆ ಹುಣಸೇಹಣ್ಣಿಗೇ ನಾಚಿಕೆ ಆಗುತ್ತೆ."

"ಮಾವ ಆಗಲೇ ಕೊಯ್ದಾಯಿತು. ನಾನು ಕಾಯಬೇಕೆ?"

ಮಂತ್ರಿ ಮಾದರಸ ನಡು ಬಗ್ಗಿಸಿ ಮುಂದೆ ಬಂದ. "ಪ್ರಭುಗಳ ಪಾದ ಸೋಕಿದರೆ ಕಾಯಿಯೂ ಹಣ್ಣಾಗುತ್ತದೆ. ಬಾವಿಯ ನೀರೇ ಅಮೃತವಾಗುವುದಿಲ್ಲವೆ?"

ಮುಗಿಯಿತು. ಗೊಂಚಲುಗಳನ್ನು ಕೊಯ್ದು ಕಲ್ಲುತೊಟ್ಟಿಗೆ ಸುರಿದರು.

"ಕಾಲು ತೊಳಕೊಂಡು ಇಳೀರಿ ಒಡೆಯ" ಎಂದಳು ಈರವ್ವ.

"ತೊಳೆದರೆ ಮಹಿಮೆಯೆಲ್ಲ ನೀರುಪಾಲಾಗುತ್ತದೆ, ಸುಮ್ಮನಿರು" ಎಂದು ಮಂತ್ರಿ ಗದರಿದ.

ರಾಜ ಬೆಳಗಿನಿಂದ ಸಂಜೆಯವರೆಗೆ ತುಳಿದ. ಒಂದು ಸಲ ಜಾರಿ ಬಿದ್ದ. ಆಸ್ಥಾನ ಅದನ್ನೂ ಹೊಗಳಿತು. ರಸವನ್ನು ಗುಡಾಣಗಳಿಗೆ ತುಂಬಿ, ಚಳಿಗೆ ಹುದುಗು ಬಂದು ನೊರೆಯೇಳದೆ ಕೂತೀತೆಂದು ಒಂದೊಂದಕ್ಕೂ ಕಂಬಳಿ ಹೊದಿಸಿದರು. ಆ ಕಂಬಳಿಗಳು ಅರಮನೆಯ ಕಾವಲುಗಾರರದು. ಅವರು ಚಳಿಗಾಲವಿಡೀ ಹಲ್ಲು ಕಟಕಟಿಸುತ್ತ ಕಾವಲು ಕಾದರು.

ಮಾವ ಬರಲು ಇನ್ನೂ ಎಂಟು ದಿನವಿರುವಾಗ ತುಂಬಿದ ಸಭೆಯಲ್ಲಿ ಮೊದಲ ಗುಡಾಣ ತೆರೆದರು. ರಾಜ ಒಂದು ಗುಟುಕು ಹೀರಿದ. ಅವನ ಒಂದು ಕಣ್ಣು ಮುಚ್ಚಿಕೊಂಡಿತು, ಹೆಗಲುಗಳು ಕಿವಿಯವರೆಗೆ ಏರಿದವು. ಸಿಂಹಾಸನದ ಪಕ್ಕಕ್ಕೇ ಉಗಿದ.

"ಆ ಮುದುಕಿಯನ್ನು ಎಳೆತನ್ನಿ. ಹುಳಿಹಣ್ಣು ಬೆಳೆದು ನನ್ನ ಮಾನ ಕಳೆದಳು. ತೋಟ ಅರಮನೆಗೆ ಸೇರಲಿ. ಹೊತ್ತು ಮುಳುಗುವುದರೊಳಗೆ ಅವಳು ಬೆಟ್ಟ ಇಳಿಯಲಿ."

ಸಭೆಗೆ ಎಳೆತಂದು ನಿಲ್ಲಿಸಿದಾಗ ಈರವ್ವ ಅಳಲಿಲ್ಲ. "ಆ ಬಳ್ಳಿಗಳನ್ನ ನನ್ನ ಕೈಯಾರ ನೆಟ್ಟೆ. ಇಬ್ಬನಿ ಗಟ್ಟಿಯಾಗೋ ಬೆಳಗಿನಲ್ಲಿ ಹೊಗೆ ಹಾಕಿ ಮಕ್ಕಳ ಥರ ಕಾದೆ. ಅವನ್ನ ಬಿಟ್ಟು ಎಲ್ಲಿಗೆ ಹೋಗಲಿ?" ಎಂದಳು.

ಕೇತಣ್ಣ ಈರವ್ವನತ್ತ ಒಮ್ಮೆ ನೋಡಿದ. ನಗುತ್ತ ಎದ್ದ.

"ಪ್ರಭು, ಶಿಕ್ಷೆ ಸರಿಯೇ. ಆದರೆ ರಸ ಹುಳಿ ಎನ್ನುವುದಕ್ಕೆ ಸಾಕ್ಷಿ ಬೇಕಲ್ಲ. ಸಭೆಯ ಹಿರಿಯರೆಲ್ಲ ಒಂದೊಂದು ಬಟ್ಟಲು ಕುಡಿದು ಹೇಳಲಿ."

ರಾಜ ಒಪ್ಪಿದ. ಕೇತಣ್ಣ ತಾನೇ ಬಟ್ಟಲು ತುಂಬಿ ಮಂತ್ರಿಯ ಕೈಗಿಟ್ಟ.

"ಮಂತ್ರಿಗಳೇ, ಕುಡಿಯುವ ಮುಂಚೆ ಒಂದು ಮಾತು. ಬೆಳಗಿನ ತೀರ್ಥದ ರುಚಿ ಹೇಗಿರುತ್ತದೆ?"

"ಸಾಕ್ಷಾತ್ ಅಮೃತ."

"ಆ ನೀರು ಪ್ರಭುಗಳ ಪಾದದ ಮೇಲೆ ಎಷ್ಟು ಹೊತ್ತು ಇರುತ್ತದೆ?"

"ಹರಿದು ಬೀಳುವಷ್ಟು ಹೊತ್ತು."

"ಈ ರಸದಲ್ಲಿ ಪಾದ ಇಡೀ ದಿನ ಇತ್ತು. ಇದೂ ಹುಳಿ ಎಂದರೆ, ಒಂದೋ ಪ್ರಭುಗಳ ಪಾದದಲ್ಲಿ ಮಹಿಮೆಯಿಲ್ಲ, ಇಲ್ಲವೇ ನೀವು ಇಷ್ಟು ವರ್ಷ ದಿನಾ ಬೆಳಿಗ್ಗೆ ಸುಳ್ಳು ಹೇಳಿದಿರಿ. ಈಗ ಕುಡಿದು ಸಾಕ್ಷಿ ಹೇಳಿ."

ಮಂತ್ರಿ ಅತ್ತ ರಾಜನನ್ನು ನೋಡಿದ, ಇತ್ತ ಬಟ್ಟಲನ್ನು ನೋಡಿದ. ಕಣ್ಣು ಮುಚ್ಚಿ ಎತ್ತಿದ. ಅವನ ಮುಖ ಒಣಗಿದ ನೆಲ್ಲಿಕಾಯಿಯಾಯಿತು.

"ಅ... ಅಮೃತ."

"ಕಣ್ಣಲ್ಲಿ ನೀರೇಕೆ?"

"ಭಕ್ತಿ."

ಪುರೋಹಿತರು ಕುಡಿದು "ಪರಮಾಮೃತ" ಎಂದು ಕಂಬದ ಮರೆಗೆ ಓಡಿದರು. ಈಟಿಯ ಏಟಿಗೂ ಹೆದರದ ಸೇನಾಪತಿ ಅರ್ಧ ಬಟ್ಟಲು ಸಾಕೆಂದು ಬೇಡಿಕೊಂಡ, ಕುಡಿದು "ಸಿಹಿ" ಎಂದು ಪಿಸುಗುಟ್ಟಿದ.

"ಹಾಗಾದರೆ ನನ್ನ ನಾಲಿಗೆಯೇ ಸುಳ್ಳೇ?" ಎಂದು ರಾಜ ಗುಡುಗಿದ.

ಕೇತಣ್ಣ ಕೈಮುಗಿದ. "ನಾನು ಹೇಗೆ ಹೇಳಲಿ ಪ್ರಭು? ಸಿಹಿಯಾಗಿದ್ದರೆ ಈರವ್ವನ ತಪ್ಪೇ ಇಲ್ಲ. ಹುಳಿಯಾಗಿದ್ದರೆ ಮೊದಲು ಈ ಸುಳ್ಳರನ್ನೆಲ್ಲ ಬೆಟ್ಟ ಇಳಿಸಿ. ಮುದುಕಿ ಸಾಲಿನ ಕೊನೆಗೆ ನಿಂತಿರುತ್ತಾಳೆ."

ರಾಜ ಸಭೆಯ ಮೇಲೆ ಒಮ್ಮೆ ಕಣ್ಣಾಡಿಸಿದ. ಯಾರ ಬಾಯಿಯೂ ನೆಟ್ಟಗಿರಲಿಲ್ಲ. ಆಮೇಲೆ ಬಗ್ಗಿ ತನ್ನ ಕಾಲನ್ನೇ ನೋಡಿಕೊಂಡ, ಬಹಳ ಹೊತ್ತು ನೋಡಿಕೊಂಡ. ಅವನಿಗೆ ನಗು ಬಂತು, ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಈರವ್ವ, ತೋಟ ನಿನ್ನದೇ. ಇನ್ನು ಮೇಲೆ ನೀನು ಕೊಯ್ಯಿ ಎಂದಾಗಲೇ ಕೊಯ್ಲು. ಮಾವನಿಗೆ ಮುಂದಿನ ವರ್ಷ ಬಾ ಎಂದು ಹೇಳಿ ಕಳಿಸುತ್ತೇನೆ. ಮಂತ್ರಿಗಳೇ, ನಾಳೆಯಿಂದ ಬೆಳಗಿನ ತೀರ್ಥ ನಿಲ್ಲಿಸಿದೆ. ಅದರ ಬದಲು ಗುಡಾಣಗಳು ಬರಿದಾಗುವವರೆಗೆ ನಿಮಗೆಲ್ಲ ಈ ಅಮೃತವೇ." ಮಂತ್ರಿ ಗೋಡೆ ಹಿಡಿದುಕೊಂಡ. ರಾಜ ಕೇತಣ್ಣನ ಕಡೆ ತಿರುಗಿದ. "ಇಷ್ಟು ಜಾಣತನ ತೋರಿಸಿದ ನಿನಗೆ ಒಂದು ಇಡೀ ಗುಡಾಣ ಬಹುಮಾನ."

ಕೇತಣ್ಣ ಎರಡು ಹೆಜ್ಜೆ ಹಿಂದೆ ಸರಿದ.

"ಬೇಡ ಪ್ರಭು. ತಪ್ಪು ಮಾಡಿದ್ದು ತಮ್ಮ ಕಾಲು, ಶಿಕ್ಷೆ ನನ್ನ ನಾಲಿಗೆಗೇಕೆ?"