ತೊಳೆದ ಬೇರು

"ಗುರುಗಳೇ, ಹೊಸ ಬಾಳಿಗೆ ಕಾಲಿಟ್ಟವನು ಹಳೆಯವರ ಸಂಗವನ್ನು ಪೂರ್ತಿ ಕಳಚಿಕೊಳ್ಳಬೇಕಲ್ಲವೇ?" ಎಂದು ಶಿಷ್ಯನೊಬ್ಬ ಕೇಳಿದ. ಅವನು ಮಠ ಸೇರಿ ಒಂದು ವರ್ಷವಾಗಿತ್ತು. ಹೌದು ಎಂಬ ಉತ್ತರವೇ ಬರುತ್ತದೆಂದು ನಂಬಿದ್ದ. ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ; ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಚಾಪೆ ನೇಯುವವನೊಬ್ಬನಿದ್ದ. ಕೆರೆಯಂಚಿನ ಜೊಂಡನ್ನು ಕೊಯ್ದು, ಒಣಗಿಸಿ, ಚಾಪೆ ನೇಯುವುದು ಅವರ ಮನೆತನದ ಕಸುಬು. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬೇರುಸಹಿತ ಕಿತ್ತ ಜೊಂಡಿನ ಗೆಡ್ಡೆಯೊಂದನ್ನು ಅವಳ ಮಡಿಲಿಗೆ ಇಡುವುದು ಅವರಲ್ಲಿ ಪದ್ಧತಿ. ಯಾಕೆಂದರೆ, ಹೋದ ಊರಿನ ಕೆರೆಯಲ್ಲಿ ಅದನ್ನು ನೆಟ್ಟುಕೊಂಡರೆ ಮಗಳಿಗೆ ಕಸುಬು ಉಳಿಯುತ್ತದೆ. ಕಸುಬು ಉಳಿದರೆ ಅವಳು ಒಂದು ಸೀರೆಗೂ ಇನ್ನೊಬ್ಬರ ಕೈ ನೋಡಬೇಕಾಗಿಲ್ಲ.

ಅವನ ಮಗಳಿಗೂ ಮದುವೆ ಕೂಡಿಬಂತು. ಬೀಗರು ಅನುಕೂಲಸ್ಥರು. ಮಡಿಲು ತುಂಬುವ ಹೊತ್ತಿನಲ್ಲಿ, ಗೆಡ್ಡೆಗೆ ಅಂಟಿದ್ದ ಕಪ್ಪು ಕೆಸರಿನ ನಾತಕ್ಕೆ ಬೀಗಿತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಏನು ಬೀಗರೇ, ಹೆಣ್ಣಿನ ಜೊತೆ ನಿಮ್ಮ ಕೆರೆಯನ್ನೂ ಕಳಿಸುತ್ತಿದ್ದೀರಾ?"

ಚಪ್ಪರದಲ್ಲಿದ್ದವರೆಲ್ಲ ನಕ್ಕರು. ಚಾಪೆಯವನೂ ನಕ್ಕ, ಆದರೆ ಒಳಗೊಳಗೇ ಹಿಡಿಯಷ್ಟಾದ. ಗೆಡ್ಡೆಯನ್ನು ಬಾವಿಕಟ್ಟೆಗೆ ಒಯ್ದು, ನೀರು ಸುರಿದು, ಬೇರಿನ ಎಳೆ ಎಳೆಯನ್ನೂ ಉಜ್ಜಿದ. ಅವನ ತಂದೆಯಾಗಲಿ ತಾತನಾಗಲಿ ಹಾಗೆ ತೊಳೆದವರಲ್ಲ. ಯಾಕೆ ತೊಳೆಯಬಾರದೆಂದು ಅವರೂ ಹೇಳಿರಲಿಲ್ಲ, ಇವನೂ ಕೇಳಿರಲಿಲ್ಲ. ಬೇರು ಬೆಳ್ಳಗಾದ ಮೇಲೆ ಹೊಸ ಬಟ್ಟೆಯಲ್ಲಿ ಸುತ್ತಿ ಮಡಿಲಿಗಿಟ್ಟ. ಮಗಳ ಮಾನ ಉಳಿಯಿತು ಎಂದುಕೊಂಡ. ಉಳಿಸಿಕೊಂಡದ್ದು ತನ್ನ ಮಾನವನ್ನು ಎಂಬುದು ಅವನಿಗೆ ಹೊಳೆಯಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಕೆರೆಯ ತಳದ ಕೆಸರಿನಲ್ಲಿ ಗಾಳಿಯಾಡುವುದಿಲ್ಲ. ಬೇರನ್ನು ಕೊಲ್ಲುವ ವಿಷವೂ ಅಲ್ಲಿ ಹುಟ್ಟುತ್ತದೆ. ಜೊಂಡು ತನ್ನ ಟೊಳ್ಳು ದಂಟಿನ ಮೂಲಕ ಮೇಲಿನ ಗಾಳಿಯನ್ನು ಬೇರಿಗೆ ಇಳಿಸುತ್ತದೆ. ಬೇರಿನ ಸುತ್ತ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಬೇರಿನಿಂದ ಸೋರುವ ಗಾಳಿಯಲ್ಲಿ ಅವು ಉಸಿರಾಡಿಕೊಂಡು, ಬೇರಿನ ಹತ್ತಿರ ಬಂದ ವಿಷವನ್ನು ಮುರಿಯುತ್ತವೆ. ಅವುಗಳ ಕಾವಲಿನಲ್ಲಿ ಬೇರು ಬದುಕುತ್ತದೆ. ಬಾವಿಕಟ್ಟೆಯಲ್ಲಿ ಕೆಸರಿನ ಜೊತೆ ಅವೂ ತೊಳೆದುಹೋಗಿದ್ದವು.

ಮಗಳು ಗೆಡ್ಡೆಯನ್ನು ನೆಟ್ಟಳು. ಹೊಸ ಕೆರೆಯಲ್ಲಿ ಅಂಥ ಜೀವಿಗಳು ಬಂದು ನೆಲೆಯೂರುವುದರೊಳಗೆ ಬೇರು ಕೊಳೆತಿತ್ತು.

ಮುಂದಿನ ಬೇಸಗೆಯಲ್ಲಿ ತಂದೆ ಅವಳನ್ನು ನೋಡಲು ಹೋದ. ಅವನಿಗೆ ಒಂದು ಲೋಟ ಮಜ್ಜಿಗೆ ಕೊಡುವುದಕ್ಕೂ ಅವಳು ಅತ್ತೆಯ ಅಪ್ಪಣೆ ಕೇಳಬೇಕಾಯಿತು. ಅತ್ತೆ ಕೇಳಿಸದವಳಂತೆ ಒಳಗೆ ಹೋದಳು. ಜೊಂಡು ಎಲ್ಲಿ ಎಂದು ತಂದೆ ಕೇಳಿದ. ಮಗಳು ಕೆರೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಹಿಡಿದೆಳೆದರೆ ಬೇರು ಲೋಳೆಯಾಗಿ ಕೈಗೆ ಬಂತು. ಬಾವಿಕಟ್ಟೆಯಲ್ಲಿ ತಾನು ಬೇರು ತೊಳೆದದ್ದು ಅವನಿಗೆ ನೆನಪಾಯಿತು.

"ಇನ್ನೊಂದು ಗೆಡ್ಡೆ ತಂದುಕೊಡುತ್ತೇನೆ ಕಣಮ್ಮ. ಈ ಸಲ ಕೆಸರು ಸಮೇತ ತರುತ್ತೇನೆ."

"ಬೇಡಪ್ಪ," ಎಂದಳು ಮಗಳು. "ಆ ಕೆಸರು ಅಂದರೆ ಈಗ ನನಗೂ ನಾಚಿಕೆ."

ಕತೆ ಅಲ್ಲಿಗೆ ನಿಂತಿತು. ಮುಂದೇನಾದರೂ ಇರಬಹುದೆಂದು ಶಿಷ್ಯ ಕಾದ. ಗುರುಗಳು ಅವನ ಮುಖ ನೋಡಿ ಮೆಲ್ಲನೆ ಕೇಳಿದರು:

"ನಿನ್ನೆ ನಿನ್ನನ್ನು ನೋಡಲು ಬಂದಿದ್ದ, ನೀನು ಮಠದ ಬಾಗಿಲಿನಿಂದಲೇ ತಿರುಗಿಸಿ ಕಳಿಸಿದ ಆ ಹೆಂಗಸು ನಿನಗೆ ಏನಾಗಬೇಕಪ್ಪ?"