ಒಂಬತ್ತು ಹೆಜ್ಜೆಯ ಗೆರೆ

ಸಂಗತಿಗಳು ಇವು.

ಶಶಿಕಲಾ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ. ವಯಸ್ಸು ಮೂವತ್ತಾರು.

ರಾಜ್ಯಕ್ಕಾಗಿ ಹದಿನೈದು ವರ್ಷ ಆಡಿದಳು. ದೇಶಕ್ಕಾಗಿ ಒಂಬತ್ತು ವರ್ಷ.

ಬಲ ಮೊಣಕಾಲಿಗೆ ಎರಡು ಶಸ್ತ್ರಚಿಕಿತ್ಸೆ. ಎಡ ಹಿಮ್ಮಡಿಗೆ ಒಂದು.

ಕಳೆದ ವರ್ಷ ತಂಡದ ಪಟ್ಟಿ ಬಂತು. ಅದರಲ್ಲಿ ಅವಳ ಹೆಸರಿರಲಿಲ್ಲ. ಕಾರಣ ತಿಳಿಸುವ ಕಾಗದವೂ ಬರಲಿಲ್ಲ.

ಆಮೇಲೆ ಸನ್ಮಾನ ಮಾಡಿದರು. ಶಾಲು, ಪೇಟ, ಹಣ್ಣಿನ ಬುಟ್ಟಿ. ಭಾಷಣ ಮಾಡಿದವರು ಅವಳನ್ನು ಖ್ಯಾತ ವಾಲಿಬಾಲ್ ಆಟಗಾರ್ತಿ ಎಂದರು. ವೇದಿಕೆಯಲ್ಲಿದ್ದ ಹನ್ನೊಂದು ಜನರಲ್ಲಿ ಯಾರೂ ತಿದ್ದಲಿಲ್ಲ.

ಈಗ ಮಂಗೋಲಿಯಾದ ಒಂದು ಕ್ಲಬ್ಬು ಅವಳನ್ನು ಒಂದು ಕ್ರೀಡಾ ಋತುವಿನ ಆಟಕ್ಕೆ ಕರೆದಿದೆ. ಒಪ್ಪಂದಕ್ಕೆ ಸಹಿ ಆಗಿಲ್ಲ.

ಸಹಿಗೆ ಮುಂಚೆ ಆ ಕ್ಲಬ್ಬಿನ ಮಹಿಳಾ ಕೋಚ್ ಫೋನಿನಲ್ಲಿ ಬೇರೊಬ್ಬರ ಮಾತನ್ನು ಕೇಳಬಯಸಿದ್ದಾಳೆ. ಶಶಿಕಲಾಳಿಗೆ ಮೊದಲು ಚೆಂಡು ಹಿಡಿಯಲು ಕಲಿಸಿದವರ ಮಾತನ್ನು.

ಅವರು ಪುಟ್ಟಮಾದಯ್ಯ. ಶಿಂಷಾ ನದಿಯ ದಡದ ಊರೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ವಯಸ್ಸು ಎಪ್ಪತ್ತೆಂಟು. ನಿವೃತ್ತರಾದ ಮೇಲೂ ದಡದ ಮೇಲಿನ ಮಣ್ಣಿನ ಅಂಕಣವನ್ನು ಅವರು ಬಿಟ್ಟಿಲ್ಲ.

ಕರೆ ಬರಬೇಕಾದದ್ದು ಬೆಳಿಗ್ಗೆ ಒಂಬತ್ತೂವರೆಗೆ. ಶಶಿಕಲಾ ಆರೂವರೆಗೇ ಬಂದಳು.

ಮೇಷ್ಟ್ರು ಬಿಂದಿಗೆಯಿಂದ ಅಂಕಣಕ್ಕೆ ನೀರು ಚಿಮುಕಿಸುತ್ತಿದ್ದರು. ತಲೆಯೆತ್ತಲಿಲ್ಲ.

"ಕುಂಟ್ಕೊಂಡು ಬಂದ್ಯೋ, ನಡ್ಕೊಂಡು ಬಂದ್ಯೋ?"

"ಬಸ್ಸಲ್ಲಿ ಬಂದೆ ಮೇಷ್ಟ್ರೇ."

"ಬಾಯಿಗೆ ಮಾತ್ರ ಏನೂ ಪೆಟ್ಟಾಗಿಲ್ಲ. ಸಂತೋಷ."

ಅವಳು ಅವರ ಪಾದ ಮುಟ್ಟಲು ಬಾಗಿದಳು. ಬಲ ಮೊಣಕಾಲು ಅರ್ಧದಲ್ಲಿ ನಿಂತಿತು. ಅವಳು ಪಕ್ಕದ ಕಲ್ಲಿನ ಮೇಲೆ ಕುಳಿತು, ಕೂರುವುದೇ ತನ್ನ ಉದ್ದೇಶವಾಗಿತ್ತು ಎಂಬಂತೆ ಶೂಗಳ ದಾರ ಬಿಗಿದಳು.

ಮೇಷ್ಟ್ರು ನೋಡಿದರು.

"ಮಂಗೋಲಿಯಾ ಎಲ್ಲಿ ಬರುತ್ತೆ?"

"ಚೀನಾದ ಆಚೆ. ಚಳಿಗಾಲದಲ್ಲಿ ಮೈನಸ್ ಮೂವತ್ತಂತೆ."

"ಮಂಡಿಗೆ ಚಳಿ ಆಗಲ್ವಾ?"

"ಆಡೋದು ಒಳಾಂಗಣದಲ್ಲಿ ಮೇಷ್ಟ್ರೇ."

"ಆಟ ಮುಗಿದ ಮೇಲೆ ಮಂಡಿನೂ ಹೊರಗೆ ಬರುತ್ತಲ್ಲ."

ಅವಳು ನಕ್ಕಳು. ಅವರು ನಗಲಿಲ್ಲ.

"ಆ ಯಮ್ಮ ನನ್ನ ಏನು ಕೇಳ್ತಾಳೆ?"

"ನಾನು ಆಡಬಲ್ಲೆನಾ ಅಂತ."

"ಇಂಗ್ಲಿಷಲ್ಲಿ ಕೇಳ್ತಾಳೆ. ನನಗೆ ಬರೋದು ಡ್ರಿಲ್ ಇಂಗ್ಲಿಷು. ಅಟೆನ್ಷನ್. ಸ್ಟ್ಯಾಂಡ್ ಅಟ್ ಈಸ್. ಅಬೌಟ್ ಟರ್ನ್."

"ಒಂದೇ ಪದ ಸಾಕು ಮೇಷ್ಟ್ರೇ. ಫಿಟ್ ಅನ್ನಿ."

ಮೇಷ್ಟ್ರ ಕೈ ಬಿಂದಿಗೆಯಲ್ಲೇ ನಿಂತಿತು. ಅವರು ಕೈಯನ್ನು ಹೊರತೆಗೆದು ಪಂಚೆಗೆ ಒರೆಸಿಕೊಂಡರು.

"ಸುಣ್ಣದ ಡಬ್ಬ ಅಲ್ಲಿದೆ. ಗೆರೆ ಎಳಿ."

ಆ ಅಂಕಣದಲ್ಲಿ ಮೊದಲು ಬಂದವರು ಗೆರೆ ಎಳೆಯಬೇಕು. ಹತ್ತು ವರ್ಷದ ಹುಡುಗಿಯೂ ಎಳೆಯಬೇಕು, ದೇಶಕ್ಕೆ ಆಡಿದವಳೂ ಎಳೆಯಬೇಕು. ವಿನಾಯಿತಿ ಕೇಳಿದವರು ಆ ದಿನ ಚೆಂಡು ಮುಟ್ಟುವಂತಿಲ್ಲ.

ಅವಳು ಪಕ್ಕದ ಗೆರೆಗಳನ್ನು ಎಳೆದಳು. ಉಳಿದದ್ದು ಕಮಾನು. ಬುಟ್ಟಿಯಿಂದ ಆರು ಮುಕ್ಕಾಲು ಮೀಟರ್ ದೂರದಲ್ಲಿ ಬಾಗಿ ಸಾಗುವ ಗೆರೆ ಅದು. ಅದರಾಚೆ ನಿಂತು ಎಸೆದ ಚೆಂಡು ಬುಟ್ಟಿಗೆ ಬಿದ್ದರೆ ಎರಡರ ಬದಲು ಮೂರು ಅಂಕ. ಶಶಿಕಲಾ ಹೆಸರು ಮಾಡಿದ್ದು ಆ ಗೆರೆಯ ಆಚೆ ನಿಂತು.

"ಕಂಬದ ಮೊಳೇಲಿ ಅಳತೆ ದಾರ ಇದೆ" ಎಂದರು ಮೇಷ್ಟ್ರು.

"ನನಗೆ ದಾರ ಯಾಕೆ ಮೇಷ್ಟ್ರೇ?"

ಅದು ಜಂಬದ ಮಾತಾಗಿರಲಿಲ್ಲ. ಬುಟ್ಟಿಯ ಕೆಳಗಿನಿಂದ ಅವಳು ಒಂಬತ್ತು ಹೆಜ್ಜೆ ಇಟ್ಟರೆ ಕಮಾನು ಸಿಗುತ್ತಿತ್ತು. ಶಿಬಿರಗಳಲ್ಲಿ ಜೊತೆಯ ಆಟಗಾರ್ತಿಯರು ಟೇಪು ಹಿಡಿದು ಪರೀಕ್ಷಿಸುತ್ತಿದ್ದರು. ಒಂದು ಬೆರಳಿನಷ್ಟೂ ತಪ್ಪುತ್ತಿರಲಿಲ್ಲ.

ಅವಳು ಒಂಬತ್ತು ಹೆಜ್ಜೆ ನಡೆದು ಒಂದು ಚುಕ್ಕೆ ಇಟ್ಟಳು. ಮತ್ತೆ ಬುಟ್ಟಿಯ ಕೆಳಗೆ ಬಂದು, ಇನ್ನೊಂದು ದಿಕ್ಕಿಗೆ ಒಂಬತ್ತು ಹೆಜ್ಜೆ ನಡೆದು ಇನ್ನೊಂದು ಚುಕ್ಕೆ. ಏಳು ಚುಕ್ಕೆಗಳಾದವು. ಸೇರಿಸಿದಳು. ಕಮಾನು ನುಣ್ಣಗೆ ಬಂತು.

"ಎಸೀಲಾ?"

"ಎಸಿ."

ಹತ್ತು ಚೆಂಡು ಎಸೆದಳು. ಒಂಬತ್ತು ಬಿದ್ದವು.

"ನೋಡಿದ್ರಾ ಮೇಷ್ಟ್ರೇ?"

"ನೋಡಿದೆ."

"ಮತ್ತೆ? ಫಿಟ್ ಅನ್ನೋಕೆ ಇನ್ನೇನು ಬೇಕು?"

"ನೆಲ ಒಣಗಲಿ."

ಅವಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರು ಡಬ್ಬಿ ಬಿಚ್ಚಿದರು. ಅವರೆಕಾಳಿನ ಉಪ್ಪಿಟ್ಟು. ಮುಚ್ಚಳದಲ್ಲಿ ಅವಳಿಗೆ ಅರ್ಧ ಹಾಕಿಕೊಟ್ಟರು.

"ಕೆಲಸ ಹೇಗಿದೆ?"

"ಕ್ರೀಡಾ ಕೋಟಾದ ಕೆಲಸ. ಬೆಳಗಿಂದ ಸಂಜೆತನಕ ಟಪಾಲಿಗೆ ಮೊಹರು ಒತ್ತೀನಿ."

"ಗುರಿ ತಪ್ಪಲ್ಲ ತಾನೆ?"

"ಅಲ್ಲಿ ತಪ್ಪಿದ್ರೂ ಯಾರೂ ನೋಡಲ್ಲ ಮೇಷ್ಟ್ರೇ. ಅದೇ ಕಷ್ಟ."

ಅವರು ಉಪ್ಪಿಟ್ಟು ಅಗಿಯುತ್ತ ಹೊಳೆಯನ್ನು ನೋಡಿದರು.

"ಅಲ್ಲಿಗೆ ಯಾಕೆ ಹೋಗಬೇಕು? ಹೆಸರಿಗಾ?"

"ಹೆಸರು ಮುಗೀತು. ನನಗೆ ಒಂದು ಋತು ಸಾಕು. ಆಟ ಬಿಡೋ ದಿನಾನ ನಾನು ಗೊತ್ತುಮಾಡಬೇಕು. ಪಟ್ಟಿ ಟೈಪ್ ಮಾಡೋ ಯಾರೋ ಒಬ್ಬ ಗೊತ್ತುಮಾಡಬಾರದು. ಇಷ್ಟೇ ನನ್ನ ಆಸೆ."

"ನ್ಯಾಯವಾದ ಆಸೆ."

"ಹಾಗಾದ್ರೆ ಹೇಳ್ತೀರಾ?"

ಮೇಷ್ಟ್ರು ಅಂಕಣದ ಕಡೆ ಕೈ ತೋರಿಸಿದರು.

ಬಿಸಿಲು ಏರಿತ್ತು. ಒದ್ದೆ ಮಣ್ಣಿನಲ್ಲಿ ಹಳೆಯ ಸುಣ್ಣ ಕಾಣುವುದಿಲ್ಲ. ಮಣ್ಣು ಒಣಗಿದಂತೆ ಅದು ಬೆಳ್ಳಗೆ ಮೇಲೇಳುತ್ತದೆ. ಅವಳು ಎಳೆದ ಕಮಾನಿನ ಆಚೆ ಇನ್ನೊಂದು ಕಮಾನು ಮೂಡುತ್ತಿತ್ತು. ಮಸುಕಾಗಿತ್ತು, ಆದರೆ ಎಲ್ಲೂ ಕಡಿದಿರಲಿಲ್ಲ.

"ಅದೇನು?"

"ನಿನ್ನೆಯ ಗೆರೆ."

"ನಿನ್ನೆ ಎಳೆದವರು ತಪ್ಪು ಎಳೆದಿದ್ದಾರೆ."

"ಎಳೆದೋನು ನಾನು."

"ಹೆಜ್ಜೆ ಇಟ್ಟು ಎಳೆದ್ರಾ?"

"ನನಗೆಲ್ಲಿ ಬರುತ್ತೆ ಆ ವಿದ್ಯೆ. ದಾರ ಹಿಡಿದು ಎಳೆದೆ."

ಅವಳು ಎದ್ದಳು. ಕಂಬದ ಮೊಳೆಯಿಂದ ದಾರ ತೆಗೆದಳು. ಒಂದು ತುದಿಯನ್ನು ಬುಟ್ಟಿಯ ನೇರ ಕೆಳಗೆ ಗೂಟಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಳೆದುಕೊಂಡು ನಡೆದಳು.

ದಾರ ಅವಳ ಗೆರೆಯನ್ನು ದಾಟಿತು. ನಿನ್ನೆಯ ಗೆರೆಯ ಮೇಲೆ ನಿಂತಿತು.

ಏಳು ದಿಕ್ಕಿನಲ್ಲೂ ಅಳೆದಳು. ಏಳು ಕಡೆಯೂ ಅವಳ ಗೆರೆ ಒಂದೂವರೆ ಅಡಿ ಕಡಿಮೆ.

ಲೆಕ್ಕದಲ್ಲಿ ಅವಳು ಚುರುಕು. ಒಂಬತ್ತು ಹೆಜ್ಜೆಗೆ ಒಂದೂವರೆ ಅಡಿ. ಒಂದು ಹೆಜ್ಜೆಗೆ ಮೂರು ಬೆರಳು.

"ಮೂರು ಬೆರಳು" ಎಂದಳು. "ಯಾವಾಗಿಂದ ಮೇಷ್ಟ್ರೇ?"

"ನನಗೇನು ಗೊತ್ತು ಕಣವ್ವ. ಇಷ್ಟು ದಿನ ನಾನೇನು ನಿನ್ನ ಜೊತೆ ನಡೆದ್ನಾ?"

ಅವಳು ನಿನ್ನೆಯ ಗೆರೆಯ ಆಚೆ ನಿಂತಳು. ಹತ್ತು ಚೆಂಡು ಎಸೆದಳು. ನಾಲ್ಕು ಬಿದ್ದವು. ಉಳಿದ ಆರರಲ್ಲಿ ಐದು ಬುಟ್ಟಿಯ ಕಬ್ಬಿಣದ ಬಳೆಯ ಮುಂದಿನ ಅಂಚಿಗೆ ಬಡಿದು ಹಿಂದಕ್ಕೆ ಬಂದವು. ಒಂದು ಬಳೆಯನ್ನೂ ಮುಟ್ಟಲಿಲ್ಲ.

ಅವಳು ಚೆಂಡನ್ನು ಎತ್ತಿಕೊಳ್ಳಲಿಲ್ಲ. ಅದು ಉರುಳುತ್ತ ಹೋಗಿ ದಡದ ಹುಲ್ಲಿನಲ್ಲಿ ನಿಂತಿತು.

"ಗೆರೆ ಎಳೆಯೋವಾಗಲೇ ನಿಮಗೆ ಗೊತ್ತಾಗಿತ್ತು."

"ಹ್ಞೂಂ."

"ಆಗಲೇ ಹೇಳಬಹುದಿತ್ತು."

"ಡಾಕ್ಟರು ಹೇಳಿರಲಿಲ್ವಾ?"

"ಹೇಳಿದ್ರು."

"ಆಗ ಏನು ಮಾಡಿದೆ?"

"ಬೇರೆ ಡಾಕ್ಟರ ಹತ್ರ ಹೋದೆ."

"ನಾನು ಹೇಳಿದ್ರೆ ಬೇರೆ ಮೇಷ್ಟ್ರ ಹತ್ರ ಹೋಗ್ತಿದ್ದೆ."

ಅವಳಿಗೆ ನಗು ಬಂತು. ನಗು ಬಂದದ್ದಕ್ಕೆ ಸಿಟ್ಟೂ ಬಂತು. ಗಡಿಯಾರ ನೋಡಿದಳು. ಒಂಬತ್ತು ಹತ್ತು.

"ಆದ್ರೂ ಫಿಟ್ ಅನ್ನಿ ಮೇಷ್ಟ್ರೇ. ಋತು ಶುರುವಾಗೋಕೆ ಎರಡು ತಿಂಗಳಿದೆ. ಅಲ್ಲಿಗೆ ಹೋಗಿ ಸರಿ ಮಾಡ್ಕೋತೀನಿ."

"ನಿನ್ನ ಆಟ ಅವರು ನೋಡಿದ್ದಾರಾ?"

"ವಿಡಿಯೊ ಕಳಿಸಿದ್ದೆ."

"ಯಾವಾಗಿನದು?"

ಹೊಳೆಯ ಆಚೆ ಯಾರೋ ಎಮ್ಮೆಗಳನ್ನು ನೀರಿಗಿಳಿಸುತ್ತಿದ್ದರು. ಅವಳು ಕೊನೆಯ ಎಮ್ಮೆ ಇಳಿಯುವವರೆಗೂ ನೋಡಿದಳು.

"ಎರಡನೇ ಆಪರೇಷನ್‌ಗೆ ಮುಂಚಿನದು."

ಮೇಷ್ಟ್ರು ತಲೆದೂಗಿದರು. ಬೈಯಲಿಲ್ಲ.

"ಆ ಪದಾನ ನಾನು ಒಂದು ಸಲ ಹೇಳಿದ್ದೀನಿ" ಎಂದರು.

"ಯಾವ ಪದ?"

"ಫಿಟ್."

"ಯಾರಿಗೆ?"

"ನಿನಗೆ ಆಗ ಹತ್ತೊಂಬತ್ತು. ಬಲ ಮಂಡಿ ಊದಿತ್ತು. ಆಯ್ಕೆ ಮಾಡೋಕೆ ಬಂದಿದ್ದೋರು ನನ್ನ ಪಕ್ಕಕ್ಕೆ ಕರೆದು ಕೇಳಿದ್ರು. ಹೇಳಿದೆ. ನಿನ್ನ ತಗೊಂಡ್ರು. ಅದೇ ವಾರ ನೀನು ಮೂರು ಪಂದ್ಯ ಆಡಿದೆ."

ಅವಳಿಗೆ ನೆನಪಿತ್ತು. ಮಂಡಿಗೆ ಬಟ್ಟೆ ಸುತ್ತಿಕೊಂಡು, ಮೇಲೆ ಉದ್ದ ಸಾಕ್ಸ್ ಎಳೆದುಕೊಂಡು ಆಡಿದ್ದಳು.

"ನಾನೇ ನಿಮ್ಮ ಕಾಲು ಹಿಡಿದು ಹೇಳಿಸಿದ್ದು."

"ಹೇಳಿಸಿದೋಳಿಗೆ ಹತ್ತೊಂಬತ್ತು ಕಣವ್ವ. ಹೇಳಿದೋನಿಗೆ ಅರವತ್ತೊಂದು."



ಒಂಬತ್ತೂವರೆಗೆ ಮೇಷ್ಟ್ರ ಜೇಬಿನಲ್ಲಿ ಫೋನು ಕೂಗಿತು. ಅವರು ಎದ್ದು ನಿಂತು ಅದನ್ನು ಕಿವಿಗೆ ಹಿಡಿದರು. ಡ್ರಿಲ್ ಮೇಷ್ಟ್ರುಗಳು ಕುಳಿತು ಇಂಗ್ಲಿಷ್ ಮಾತಾಡುವುದಿಲ್ಲ.

"ಎಸ್. ಪುಟ್ಟಮಾದಯ್ಯ ಸ್ಪೀಕಿಂಗ್."

ಆ ಕಡೆಯ ದನಿಯನ್ನು ಕೊನೆಯವರೆಗೂ ಕೇಳಿದರು.

ಶಶಿಕಲಾ ಅವರ ತುಟಿಗಳನ್ನೇ ನೋಡುತ್ತಿದ್ದಳು. ಒಂದು ಪದ. ಅದು ಹೊರಬಿದ್ದರೆ ಅವಳಿಗೆ ಒಂದು ಋತು ಸಿಗುತ್ತದೆ.

"ಒನ್ ಮಿನಿಟ್, ಪ್ಲೀಸ್" ಎಂದರು ಮೇಷ್ಟ್ರು. ಫೋನನ್ನು ಅವಳ ಕಡೆ ಚಾಚಿದರು.

"ಕರೆ ನಿಮಗೆ ಬಂದದ್ದು."

"ಕೇಳ್ತಿರೋದು ನಿನ್ನ ಕಾಲಿನ ವಿಷಯ."

ಅವಳು ತೆಗೆದುಕೊಳ್ಳಲಿಲ್ಲ. ಅವರು ಕೈ ಹಿಂತೆಗೆಯಲಿಲ್ಲ. ಫೋನಿನೊಳಗಿಂದ ಹಲೋ, ಹಲೋ ಎಂಬ ಸಣ್ಣ ದನಿ ಬರುತ್ತಿತ್ತು.

ಅವಳು ತೆಗೆದುಕೊಂಡಳು.

ತನ್ನ ಹೆಸರು ಹೇಳಿದಳು. ಕಳುಹಿಸಿದ ವಿಡಿಯೊ ಎರಡು ವರ್ಷ ಹಳೆಯದು ಎಂದಳು. ಆಮೇಲೆ ಬಲ ಮೊಣಕಾಲನ್ನು ಮತ್ತೊಮ್ಮೆ ಕುಯ್ದಿದ್ದಾರೆ ಎಂದಳು. ತನ್ನ ಹೆಜ್ಜೆ ಮೂರು ಬೆರಳು ಗಿಡ್ಡವಾಗಿದೆ, ಅದು ತನಗೆ ಗೊತ್ತಾದದ್ದು ಈ ಬೆಳಿಗ್ಗೆ ಎಂದಳು. ಇಡೀ ಪಂದ್ಯ ತನ್ನಿಂದ ಆಗುವುದಿಲ್ಲ. ಹನ್ನೆರಡು ನಿಮಿಷ ಆಗುತ್ತದೆ.

ಆ ಕಡೆಯಿಂದ ಒಂದು ಪ್ರಶ್ನೆ: ಹನ್ನೆರಡು ನಿಮಿಷದಲ್ಲಿ ನೀನು ಏನು ಮಾಡಬಲ್ಲೆ?

ಶಶಿಕಲಾ ಯೋಚಿಸಿದಳು. ಸನ್ಮಾನದ ದಿನವೂ ಯಾರೂ ಅವಳನ್ನು ಇಂಥದ್ದೊಂದು ಪ್ರಶ್ನೆ ಕೇಳಿರಲಿಲ್ಲ.

"ಚೆಂಡು ಎಲ್ಲಿಗೆ ಬರುತ್ತದೆ ಎಂದು ಅದು ಹೊರಡುವ ಮುಂಚೆಯೇ ನನಗೆ ಕಾಣುತ್ತದೆ" ಎಂದಳು. "ಓಡಬಲ್ಲವರನ್ನು ಅಲ್ಲಿಗೆ ಕಳುಹಿಸಬಲ್ಲೆ. ದೂರದಿಂದ ಎಸೆಯುವುದನ್ನು ಮತ್ತೆ ಕಲಿಯಬೇಕು. ಕಲಿಯುತ್ತೇನೆ."

ಆ ಕಡೆಯವಳು ಏನೋ ಹೇಳಿದಳು. ಕರೆ ಮುಗಿಯಿತು.

"ಏನಂತೆ?" ಎಂದರು ಮೇಷ್ಟ್ರು.

"ಹಳೇ ವಿಡಿಯೊ ಕಳಿಸಿದ್ದಕ್ಕೆ ಅವಳಿಗೆ ಬೇಜಾರಾಗಿದೆಯಂತೆ."

"ಆಗಬೇಕಾದದ್ದೇ."

"ಇವತ್ತಿನ ಆಟದ ವಿಡಿಯೊ ಕಳಿಸು ಅಂದ್ಲು. ಕತ್ತರಿಸದೆ. ಹನ್ನೆರಡು ನಿಮಿಷ. ನೋಡಿ ಹೇಳ್ತಾಳಂತೆ."

"ಬೇಡ ಅನ್ನಲಿಲ್ಲ."

"ಬಾ ಅಂತಾನೂ ಅನ್ನಲಿಲ್ಲ."

ಅವಳು ಪೊರಕೆ ತಂದು, ತಾನು ಎಳೆದ ಕಮಾನನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗುಡಿಸಿ ಅಳಿಸಿದಳು. ದಾರ ಹಿಡಿದು ನಿನ್ನೆಯ ಗೆರೆಯ ಮೇಲೆ ಹೊಸ ಸುಣ್ಣ ಸುರಿದಳು. ಆಮೇಲೆ ತನ್ನ ಫೋನನ್ನು ಮೇಷ್ಟ್ರ ಕೈಗೆ ಕೊಟ್ಟಳು.

"ಎಲ್ಲಿ ಒತ್ತಬೇಕು?"

"ಕೆಂಪು ಗುಂಡಿ. ಒಂದೇ ಸಲ ಒತ್ತಿ. ನಡುವೆ ಮುಟ್ಟಬೇಡಿ."

ಅಷ್ಟರಲ್ಲಿ ಅಭ್ಯಾಸಕ್ಕೆ ಹುಡುಗಿಯರು ಬಂದಿದ್ದರು. ಮೇಷ್ಟ್ರು ಅವರನ್ನು ಎರಡು ತಂಡ ಮಾಡಿ ನಿಲ್ಲಿಸಿದರು. ಶಶಿಕಲಾ ಹುಲ್ಲಿನಿಂದ ಚೆಂಡು ತಂದಳು. ಗೆರೆಯ ಆಚೆ ಹೋಗಿ ನಿಂತಳು. ಚೆಂಡನ್ನು ಎರಡು ಸಲ ನೆಲಕ್ಕೆ ಬಡಿದು, ಹಿಡಿದು, ತಿರುಗಿ ನೋಡಿದಳು.

"ಮೇಷ್ಟ್ರೇ. ಹತ್ತಕ್ಕೆ ನಾಲ್ಕೇ ಬಿದ್ರೆ? ಉಳಿದ ಆರೂ ಅದರಲ್ಲಿ ಕಾಣುತ್ತೆ."

ಮೇಷ್ಟ್ರು ಕೆಂಪು ಗುಂಡಿ ಒತ್ತಿದರು.

"ಕಾಣಲಿ ಕಣವ್ವ. ಅವನ್ನೂ ಎಸೆದೋಳು ನೀನೇ."

*

ಗಾಯ ಮುಚ್ಚಿಟ್ಟುಕೊಂಡು ಆಡುತ್ತಿರುವ ಒಬ್ಬರಾದರೂ ನಿಮಗೆ ಗೊತ್ತಿರುತ್ತಾರೆ. ಇದನ್ನು ಅವರಿಗೆ ತಲುಪಿಸಿ. ವಿವರಣೆ ಸೇರಿಸಬೇಡಿ.